ಬೂದು ಅಕ್ಷರ

ಗ್ರೀನ್ ಸ್ಟ್ರೀಟಿನ ಫ್ಲೆಕ್ಸ್ ಅಂಗಡಿಯಲ್ಲಿ
ಹಗಲೆಲ್ಲ ನಾನು ನಗುವ ಮುಖಗಳನ್ನು ಕತ್ತರಿಸುತ್ತೇನೆ:
ಜನ್ಮದಿನಕ್ಕೆ ಹಳದಿ, ಶ್ರದ್ಧಾಂಜಲಿಗೆ ನೀಲಿ.
ಒಮ್ಮೊಮ್ಮೆ ಅದೇ ಫೋಟೋ, ಎರಡು ವರ್ಷದ ಅಂತರದಲ್ಲಿ.

ರಾತ್ರಿ, ಕೋಡಿಬಾಗದ ಬಾಡಿಗೆ ಕೋಣೆಯಲ್ಲಿ, ಅರ್ಜಿ.
ನಲವತ್ತೊಂದನೆಯದೋ ಎರಡನೆಯದೋ, ಎಣಿಸುವುದು ಬಿಟ್ಟಿದ್ದೆ.
ಅನುಭವ ಎಂದು ಕೇಳುವ ಚೌಕದಲ್ಲಿ
ಬ್ಯಾನರು ಎಂದು ಬರೆದರೆ ಹಿಡಿಸುವುದಿಲ್ಲ, ಬರೆಯದಿದ್ದರೆ ಖಾಲಿ.
ಆ ಚೌಕವನ್ನೂ ಯಾರೋ ಸಂಬಳಕ್ಕೆ ಬಿಡಿಸಿರಬೇಕು;
ಅವರು ಸೇರುವಾಗ ಯಾವ ಚೌಕ ತುಂಬಿದ್ದರೋ.

ತೋರಿಸಲು ನನ್ನ ಹತ್ತಿರ ಇದ್ದದ್ದು ಒಂದೇ:
ತದಡಿಯ ಬಾರ್ಜಿಗೆ ಟಿಕೆಟ್ಟಿನ ಆ್ಯಪು,
ಯಾರೂ ಕೇಳದೆ, ನಾನೇ ಮಾಡಿದ್ದು.
ಬೈಕಿಗೊಂದು ಗುಂಡಿ, ಮೀನುಬುಟ್ಟಿಗೊಂದು,
ಬಾರ್ಜು ಆಚೆ ದಡದಲ್ಲೇ ಇದೆ ಎಂದು ತಿಳಿಸಲು ಸಣ್ಣದೊಂದು ಚುಕ್ಕಿ.
ಆ ಚುಕ್ಕಿಗೇ ಒಂದು ವಾರ ಹಿಡಿದಿತ್ತು.

ಕೊನೆಗೊಬ್ಬರು ಕರೆದರು. ಒಂಬತ್ತು ನಿಮಿಷ.
ಕ್ಯಾಮರಾ ಮುಚ್ಚಿಕೊಂಡ ಒಂದು ದನಿ
"ಕಾರವಾರ ಅಂದ್ರೆ ಗೋವಾದಲ್ಲಿ ಬರುತ್ತಾ?" ಎಂದಿತು.
"ಪಕ್ಕದಲ್ಲಿ" ಎಂದೆ. ಜಗಳಕ್ಕೆ ನಿಮಿಷ ಉಳಿದಿರಲಿಲ್ಲ.
ಆಮೇಲೆ ಪರೀಕ್ಷೆ ಬಂತು, ನಾಲ್ಕು ಸಾಲಿನ ಮೇಲ್:
ಜನ ಚಂದಾ ನಿಲ್ಲಿಸುವ ಪರದೆ ಬಿಡಿಸಿ.
ಯಾರೂ ನಿಲ್ಲಿಸದ ಹಾಗೆ ಬಿಡಿಸಿ.
ಮೂರು ದಿನ.
ಸಂಭಾವನೆ ಇಲ್ಲ.

ಚೆನ್ನಾಗಿ ಮಾಡಿದೆ. ಅದನ್ನೇನು ಮುಚ್ಚಿಡಲಿ.
"ಮುಂದುವರಿಸಿ" ಎಂಬುದಕ್ಕೆ ಬಾಳೆಎಲೆಯಷ್ಟು ಅಗಲದ ಹಸಿರು ಕೊಟ್ಟೆ.
"ನಿಲ್ಲಿಸಿ" ಎಂಬುದನ್ನು ಕೆಳಗೆ, ಷರತ್ತುಗಳ ಸಂದಿಯಲ್ಲಿ
ಬೂದು ಅಕ್ಷರದಲ್ಲಿ ಮಲಗಿಸಿದೆ;
ಇಳಿತದಲ್ಲಿ ಕಾಳಿಯ ಕೆಸರೊಳಗೆ ಬೆಳಚು ಇರುತ್ತದಲ್ಲ, ಹಾಗೆ:
ಇದೆ, ಆದರೆ ಕಣ್ಣಿಗಲ್ಲ, ಕಾಲಿಗೆ ಗೊತ್ತಾಗಬೇಕು.
ಹುಡುಕಿ ಒತ್ತಿದವರನ್ನೂ ಒಂದು ಮಾತು ತಡೆಯುತ್ತಿತ್ತು:
"ನಮ್ಮನ್ನು ಬಿಟ್ಟು ಹೋಗುತ್ತಿರಾ?"
ಆ ಸಾಲು ಹೊಳೆದ ರಾತ್ರಿ ನನಗೇ ಖುಷಿಯಾಗಿ
ಎದ್ದು ಚಹಾ ಮಾಡಿಕೊಂಡೆ.

ಉತ್ತರ ಬರಲಿಲ್ಲ.
ಬಂದರಿನ ಕಂಬಕ್ಕೆ ಮೂರನೇ ನಂಬರಿನ ಸಂಜ್ಞೆ ಏರಿತು.
ಕಡಲಲ್ಲಿದ್ದವರು ಅಷ್ಟು ದೂರದಿಂದ ಅದನ್ನು ಓದಿ
ದೋಣಿ ತಿರುಗಿಸಿ ಬಂದರು.
ನಾನು ಅಂಗೈಯಗಲದ ಪರದೆಯನ್ನು
ಎಳೆದು ಬಿಟ್ಟು, ಎಳೆದು ಬಿಟ್ಟು, ನೋಡುತ್ತಿದ್ದೆ.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ
ಪಕ್ಕದ ಮನೆಯ ಬುದವಂತಕ್ಕ ಬಂದಳು.
ಸೆರಗಿನಲ್ಲಿ ಒರೆಸಿ ಫೋನು ಚಾಚಿದಳು.
"ಮೊಮ್ಮಗ ಎಂತೋ ಒತ್ತಿಟ್ಟಿದಾನೆ ಮಾರಾಯ್ತಿ,
ತಿಂಗ್ಳು ತಿಂಗ್ಳೂ ತೊಂಬತ್ತೊಂಬತ್ತು ರೂಪಾಯಿ ಹೋಗ್ತಾ ಅದೆ.
ಎಲ್ಲಿ ಒತ್ತಿದ್ರೂ ಹಸಿರೇ ಬರ್ತದೆ."

ತೆರೆದೆ.
ನನ್ನ ಹಸಿರು.
ಷರತ್ತುಗಳ ನಡುವೆ ನಾನು ಅಳೆದು ಬಿಟ್ಟಿದ್ದ ಜಾಗ,
ಅದೂ ಹಾಗೇ, ಕೂದಲೆಳೆಯಷ್ಟೂ ಸರಿಯದೆ.
"ಹೋಗುತ್ತಿರಾ" ಎಂಬಲ್ಲಿ ನಿದ್ದೆಗಣ್ಣಲ್ಲಿ ನಾನು ತಪ್ಪಿಸಿದ್ದ ದೀರ್ಘ,
ಅದನ್ನೂ ಯಾರೂ ತಿದ್ದಿರಲಿಲ್ಲ.

ಹೆಬ್ಬೆರಳು ತಾನಾಗಿ ಕೆಳಗಿಳಿಯಿತು.
ನಾಲ್ಕು ಸೆಕೆಂಡು ಹಿಡಿದಿರಬೇಕು.

"ಇಷ್ಟು ಬೇಗ! ಬ್ಯಾಂಕಿನ ಹುಡುಗಂಗೂ ಸಿಕ್ಕಿರ್ಲಿಲ್ಲ.
ಯಾರು ಹೇಳ್ಕೊಟ್ರು ನಿಂಗೆ?"
ಫ್ಲೆಕ್ಸ್ ಅಂಗಡಿಯಲ್ಲಿ ಕಲಿತೆ ಎಂದೆ.

ಮರುದಿನ ಬಾಗಿಲ ಬಳಿ ಒಂದು ಸೇರು ಬೆಳಚು,
ಇನ್ನೂ ಹೊಳೆಯ ಕೆಸರು ಹಚ್ಚಿಕೊಂಡಿದ್ದವು.
ಆ ಕೆಲಸಕ್ಕೆ ನನಗೆ ಬಂದ ಸಂಬಳ ಅಷ್ಟು.
ಉಪ್ಪುನೀರಿಗೆ ಹಾಕಿ, ಬಾಯಿ ಬಿಡಲಿ ಎಂದು ಕಾದು ಕೂತೆ.
ಅಷ್ಟರಲ್ಲಿ ವಠಾರದ ಇನ್ನಿಬ್ಬರು
ಫೋನು ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು.